ಮನೆಯ ಮೀನುತೊಟ್ಟಿಗೆ ನೀರೆತ್ತುವ ಪಂಪು

ಗೃಹಸ್ಥನು ಒಂದು ಹಸುವನ್ನು ತಂದು ಕೊಟ್ಟಿಗೆಯಲ್ಲಿ ಕಟ್ಟಿದನೆಂದರೆ, ಅದರ ಹುಲ್ಲು ನೀರುಗಳ ಭಾರವೂ ಅದರೊಡನೆಯೇ ಮನೆಗೆ ಬಂದಿತೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿದ ಹಸು ಕೂಗುತ್ತದೆ. ನಾಯಿ ಬಾಗಿಲನ್ನು ಪರಚುತ್ತದೆ. ಬೆಕ್ಕು ಕಾಲಿಗೆ ಸುತ್ತಿಕೊಂಡು ನಡೆಯಗೊಡದು. ಆದರೆ ಗಾಜಿನ ತೊಟ್ಟಿಯೊಳಗಿನ ಮೀನಿಗೆ ದನಿಯೆಂಬುದಿಲ್ಲ. ಅದರ ಸಂಕಟವು ನಮಗೆ ತಿಳಿಯುವ ಹೊತ್ತಿಗೆ ಪ್ರಾಯಶಃ ಕಾಲ ಮಿಂಚಿರುತ್ತದೆ. ಇಂತಹ ಮೂಕಪ್ರಾಣಿಯ ಉಸಿರು ನಮ್ಮ ಮುಷ್ಟಿಯಷ್ಟು ಗಾತ್ರದ ಒಂದು ಯಂತ್ರವನ್ನು ನೆಚ್ಚಿಕೊಂಡಿರುವುದಾದರೆ, ಆ ಯಂತ್ರವನ್ನು ಆರಿಸುವ ಕೆಲಸವು ಅಲಂಕಾರದ ವಸ್ತುವನ್ನು ಕೊಳ್ಳುವಂತಹ ಕೆಲಸವಲ್ಲವೆಂಬುದು ಸ್ಪಷ್ಟವಾಗಿದೆ. ನಾನು ಇದನ್ನು ಎರಡು ಪಂಪುಗಳಿಗೆ ವೃಥಾ ಹಣ ತೆತ್ತು, ಒಂದು ಮೀನನ್ನು ಕಳೆದುಕೊಂಡು, ನಮ್ಮ ತಂದೆಯವರ ಪುಸ್ತಕವೊಂದನ್ನು ನೀರುಪಾಲು ಮಾಡಿ ಕಲಿತೆನು. ವಾಚಕ ಮಹಾಶಯರು ಅಷ್ಟು ಬೆಲೆಯನ್ನು ತೆರದೆ ಕಲಿಯಲೆಂದು ಈ ಲೇಖನವನ್ನು ಬರೆಯುತ್ತಿರುವೆನು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಡುತ್ತಿದ್ದವನಿಗೆ ಪಂಪಿನ ಗೊಡವೆಯು ಹೇಗೆ ಬಂದಿತೆಂದು ಕೇಳಬಹುದು. ಮೈಸೂರಿನಲ್ಲಿ ನಮ್ಮ ಸಮೀಪದಲ್ಲಿಯೇ ಇದ್ದ ಮಗಳಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿನ ಮನೆ ಚಿಕ್ಕದು. ಮೊಮ್ಮಗಳು ಪ್ರೀತಿಯಿಂದ ಸಾಕುತ್ತಿದ್ದ ಐದು ಹೊನ್ಮೀನುಗಳನ್ನೂ ಅವುಗಳ ದೊಡ್ಡ ತೊಟ್ಟಿಯನ್ನೂ ನಮ್ಮ ನಡುಮನೆಗೆ ತಂದಿಟ್ಟು, "ಅಜ್ಜ, ನಾನು ರಜಕ್ಕೆ ಬರುವವರೆಗೆ ಇವನ್ನು ನೋಡಿಕೋ" ಎಂದು ಕಣ್ಣೊರಸಿಕೊಂಡು ಹೊರಟುಹೋದಳು. ಸಾಗಿಸುವಾಗ ಹಳೆಯ ಪಂಪು ಒಡೆದಿದ್ದಿತು. ಹೊಸದೊಂದನ್ನು ಕೊಂಡು ಹಾಕುವ ಕೆಲಸವು ನನ್ನ ಪಾಲಿಗೆ ಬಂದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವುಂಟು. ಅಲ್ಲಿ ಮೀನಿನ ಜಾತಿಗಳನ್ನೂ ಅವುಗಳ ಮೇವನ್ನೂ ಹೇಳಿದೆ. ಆದರೆ ಅದು ಗಾಳ ಹಾಕಿ ಹಿಡಿಯುವ ವಿನೋದದ ಮಾತು. ಹಿಡಿದದ್ದನ್ನು ಉಳಿಸಿಕೊಳ್ಳುವ ಮಾತಲ್ಲ. ಆದುದರಿಂದ ನಾನು ಅನುಭವವೆಂಬ ಗುರುವನ್ನೇ ಆಶ್ರಯಿಸಬೇಕಾಯಿತು.

ಮೊದಲು ತೊಟ್ಟಿಯ ವ್ಯವಸ್ಥೆಯನ್ನು ಹೇಳುವೆನು. ನಮ್ಮ ಮೇಲ್ತೊಟ್ಟಿಯು ೪ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವುಳ್ಳದ್ದು. ಅಂದರೆ ೯ ಘನ ಅಡಿ, ಲೆಕ್ಕಕ್ಕೆ ಸುಮಾರು ೨೫೫ ಲೀಟರು. ತಳದ ಮರಳನ್ನೂ ಮೇಲೆ ಬಿಟ್ಟ ತೆರಪನ್ನೂ ಕಳೆದರೆ ನಿಜವಾಗಿ ಹಿಡಿಯುವುದು ಸುಮಾರು ೨೧೦ ಲೀಟರು. ಇದು ಎರಡೂವರೆ ಅಡಿ ಎತ್ತರದ ಪೀಠದ ಮೇಲಿದೆ. ಪೀಠದೊಳಗೆ ಎರಡೂವರೆ ಅಡಿ ಉದ್ದ, ೧ ಅಡಿ ಅಗಲ, ೧೫ ಅಂಗುಲ ಎತ್ತರದ ಕೆಳತೊಟ್ಟಿಯಿದೆ. ಬಲ್ಲವರು ಅದನ್ನು ಸಂಪ್ ಎನ್ನುತ್ತಾರೆ. ಮೇಲ್ತೊಟ್ಟಿಯ ನೀರು ಅಂಚಿನ ತೂಬಿನಿಂದ ತಾನಾಗಿಯೇ ಕೆಳಕ್ಕಿಳಿದು, ಕೆಳತೊಟ್ಟಿಯ ಮೊದಲ ಕೋಣೆಯಲ್ಲಿ ಹತ್ತಿಯಂತಹ ಜಾಲರಿಯನ್ನೂ ಎರಡನೆಯದರಲ್ಲಿ ರಂಧ್ರಗಳುಳ್ಳ ಕಲ್ಲುಗಳನ್ನೂ ಹಾಯ್ದು, ಮೂರನೆಯ ಕೋಣೆಗೆ ಬರುತ್ತದೆ. ಅಲ್ಲಿ ಮುಳುಗಿ ಕುಳಿತ ಪಂಪು ಅದನ್ನು ಮತ್ತೆ ಮೇಲಕ್ಕೆ ದೂಡುತ್ತದೆ. ಇದನ್ನೇ ರಿಟರ್ನ್ ಪಂಪು ಎನ್ನುವರು. ಮರಳುಪಂಪು ಎಂದರೂ ಸಲ್ಲುತ್ತದೆ. ಸಂಸ್ಕೃತದಲ್ಲಿ ಕೂಪಯಂತ್ರಘಟಿಕಾನ್ಯಾಯವೆಂಬುದೊಂದುಂಟು. ಬಾವಿಯ ರಾಟೆಗೆ ಕಟ್ಟಿದ ಗಡಿಗೆಗಳು ಒಂದು ತುಂಬಿ ಏರುತ್ತಿರಲು ಇನ್ನೊಂದು ಬರಿದಾಗಿ ಇಳಿಯುವುದನ್ನು ನೋಡಿ, ಲೋಕದ ಏರಿಳಿತಗಳಿಗೆ ಅದನ್ನು ಹೋಲಿಸುತ್ತಿದ್ದರು. ನಮ್ಮ ಮೀನುತೊಟ್ಟಿಯೂ ಅಂತಹುದೇ. ಇಳಿಯುವುದು ಭೂಮಿಯ ಸೆಳೆತದ ಕೆಲಸ. ಏರಿಸುವುದು ಪಂಪಿನ ಕೆಲಸ. ಇಳಿತಕ್ಕೂ ಏರಿಕೆಗೂ ಹೊಂದಿಕೆ ತಪ್ಪಿದರೆ ಅನರ್ಥವು ಪ್ರಾಪ್ತವಾಗುತ್ತದೆ.

ಈ ನೀರಿನ ಸುತ್ತಾಟವಾದರೂ ಏತಕ್ಕೆಂದರೆ, ಮೀನು ತನ್ನ ಕಿವಿರುಗಳಿಂದಲೂ ಮಲದಿಂದಲೂ ಅಮೋನಿಯವೆಂಬ ವಿಷವನ್ನು ಸದಾ ನೀರಿಗೆ ಬಿಡುತ್ತಿರುತ್ತದೆ. ಕೆಳತೊಟ್ಟಿಯ ಕಲ್ಲುಗಳ ಮೇಲೆ ನೆಲಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟನ್ನಾಗಿಯೂ, ಅನಂತರ ಅಷ್ಟು ಕೆಡುಕಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಆ ಜೀವಿಗಳಿಗೂ ಆಮ್ಲಜನಕವು ಬೇಕು. ಅವುಗಳ ಬಳಿಗೆ ನೀರು ಹರಿದು ಬರುತ್ತಲೂ ಇರಬೇಕು. ೧೮೫೩ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಗಾರವನ್ನು ತೆರೆದ ಕಾಲದವರು, ನೀರಿನ ಗಿಡಗಳೂ ಪ್ರಾಣಿಗಳೂ ಪರಸ್ಪರ ಉಪಕಾರದಿಂದ ಸಮತೂಕದಲ್ಲಿರಬಲ್ಲವೆಂದು ನೆಚ್ಚಿದ್ದರು. ಗಿಡ ಹೆಚ್ಚಾಗಿ ಮೀನು ಅತ್ಯಲ್ಪವಾಗಿದ್ದರೆ ಅದು ಒಂದು ಮಟ್ಟಿಗೆ ನಡೆದೀತು. ಆದರೆ ಹೊನ್ಮೀನು ಗೆಂಡೆಮೀನಿನ ಕುಲಕ್ಕೆ ಸೇರಿದ್ದು. ತಿನ್ನುವುದು ಬಹಳ, ಹೊಲಸು ಮಾಡುವುದೂ ಬಹಳ, ಗಿಡಗಳನ್ನಂತೂ ಸೊಪ್ಪಿನ ಪಲ್ಯದಂತೆ ಮುಗಿಸಿಬಿಡುವುದು. ಐದು ಹೊನ್ಮೀನುಗಳಿರುವ ತೊಟ್ಟಿಗೆ ಯಂತ್ರದ ಸಹಾಯವಿಲ್ಲದೆ ಗತಿಯಿಲ್ಲ.

ಎಷ್ಟು ನೀರು ಸುತ್ತಬೇಕು? ಮೇಲ್ತೊಟ್ಟಿಯ ನೀರಿನ ಮೂರರಿಂದ ಐದರಷ್ಟು ಪ್ರತಿ ಗಂಟೆಗೆ ಕೆಳತೊಟ್ಟಿಯ ಮೂಲಕ ಹಾಯುವುದು ಸಾಮಾನ್ಯವಾಗಿ ಸಾಕೆಂದು ಅನುಭವಿಗಳ ಮತ. ಹೊನ್ಮೀನು ಹೆಚ್ಚು ಹೊಲಸು ಮಾಡುವುದರಿಂದ ನಾನು ಐದನ್ನೇ ಹಿಡಿದೆನು: ೨೧೦ ಲೀಟರಿನ ಐದರಷ್ಟು ೧,೦೫೦ ಲೀಟರು. ಇಷ್ಟು ಲೆಕ್ಕ ಹಾಕಿದವನು ಪಂಡಿತನೆಂಬ ಹೆಮ್ಮೆಯಿಂದ ಅಂಗಡಿಗೆ ಹೋಗಿ, ಡಬ್ಬಿಯ ಮೇಲೆ "ಗಂಟೆಗೆ ೧,೦೦೦ ಲೀಟರು" ಎಂದು ಅಚ್ಚಾಗಿದ್ದ ಒಂದು ಪಂಪನ್ನು ಕೊಂಡುತಂದೆನು. ಅದೇ ಡಬ್ಬಿಯ ಮಗ್ಗುಲಲ್ಲಿ ಸಣ್ಣಕ್ಷರಗಳಲ್ಲಿ "ಗರಿಷ್ಠ ಎತ್ತರ ೧.೨ ಮೀಟರು" ಎಂದೂ ಇದ್ದಿತು. ಅದನ್ನು ಓದಿದೆನಾದರೂ ಅದರ ಅರ್ಥವನ್ನು ವಿಚಾರಿಸಲಿಲ್ಲ. ಪದಗಳನ್ನು ಓದಿ ಅನ್ವಯವನ್ನು ಬಿಟ್ಟ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನೇ!

ಮನೆಗೆ ತಂದು ಹಾಕಿದರೆ ಮೇಲಿನ ಕೊಳವೆಯಿಂದ ಹರಿದದ್ದು ತೀರ್ಥ ಕೊಡುವಷ್ಟು ನೀರು. ಹತ್ತು ಲೀಟರಿನ ಬಕೆಟನ್ನು ಹಿಡಿದು ಗಡಿಯಾರವನ್ನು ನೋಡಿದೆನು; ತುಂಬಲು ನಾಲ್ಕೂವರೆ ನಿಮಿಷ ಬೇಕಾಯಿತು. ಅಂದರೆ ಗಂಟೆಗೆ ೧೩೩ ಲೀಟರು! ಅಂಗಡಿಯವನು ಮೋಸಮಾಡಿದನೆಂದು ಮೊದಲು ಕೋಪ ಬಂದಿತು. ಆದರೆ ಮೋಸವು ಅವನದಲ್ಲ, ಪಂಪಿನದೂ ಅಲ್ಲ.

ಹಿಂದೆ ಕಪಿಲೆಯಿಂದ ನೀರು ಹೊಡೆಯುತ್ತಿದ್ದುದನ್ನು ನೋಡಿದವರಿಗೆ ಈ ವಿಷಯವು ಸುಲಭವಾಗಿ ತಿಳಿಯುವುದು. ಅದೇ ಜೋಡಿ ಎತ್ತು, ಅದೇ ತೊಗಲಿನ ಚೀಲ. ಆದರೆ ಬಾವಿ ಆಳವಾದಷ್ಟೂ ದಿನಕ್ಕೆ ಮೇಲೆ ಬರುವ ನೀರು ಕಡಮೆ. ಮೀನುತೊಟ್ಟಿಯ ಪಂಪಿನಲ್ಲಿ ಒಂದು ವಿಶೇಷವುಂಟು. ಅದರೊಳಗೆ ಅಯಸ್ಕಾಂತಕ್ಕೆ ಅಂಟಿದ ಸಣ್ಣ ರೆಕ್ಕೆಯ ಚಕ್ರವು ತಿರುಗುತ್ತದೆ. ಕಡೆಗೋಲನ್ನು ಬಿರುಸಾಗಿ ಆಡಿಸಿದಾಗ ಮಜ್ಜಿಗೆಯು ಗಡಿಗೆಯ ಅಂಚಿಗೆ ಎಸೆಯಲ್ಪಟ್ಟು ಮೇಲೇರುವಂತೆ, ಚಕ್ರವು ನೀರನ್ನು ಹೊರಕ್ಕೆ ಎಸೆದು ಕೊಳವೆಗೆ ನೂಕುತ್ತದೆ. ಹೀಗೆ ಎಸೆದ ನೀರು ಏರಬಲ್ಲ ಎತ್ತರಕ್ಕೆ ಒಂದು ಮಿತಿಯುಂಟು. ಡಬ್ಬಿಯ ಮೇಲಿನ "ಗರಿಷ್ಠ ಎತ್ತರ"ವೆಂದರೆ ಅದೇ. ಆ ಎತ್ತರದಲ್ಲಿ ಹರಿವು ಪೂರ್ತಿಯಾಗಿ ನಿಂತೇಹೋಗುತ್ತದೆ. ದೊಡ್ಡಕ್ಷರದಲ್ಲಿ ಅಚ್ಚಾದ ಲೀಟರುಗಳ ಲೆಕ್ಕವಾದರೋ ಎತ್ತುವ ಎತ್ತರವು ಸೊನ್ನೆಯಾಗಿರುವಾಗಿನದು. ಈ ಎರಡರ ನಡುವೆ ಎತ್ತರ ಏರಿದಂತೆಲ್ಲ ಹರಿವು ಇಳಿಯುತ್ತ ಹೋಗುತ್ತದೆ. ಒಳ್ಳೆಯ ತಯಾರಕರು ಡಬ್ಬಿಯಲ್ಲಿ ಇದನ್ನು ಒಂದು ವಕ್ರರೇಖೆಯಾಗಿ ಬರೆದು ಕೊಟ್ಟಿರುತ್ತಾರೆ. ಕೊಳ್ಳುವವನು ನೋಡತಕ್ಕದ್ದು ಆ ರೇಖೆಯನ್ನೇ ಹೊರತು ದೊಡ್ಡ ಅಂಕೆಯನ್ನಲ್ಲ. ರೇಖೆಯಿಲ್ಲದಿದ್ದಲ್ಲಿ, ಎತ್ತರವು ಗರಿಷ್ಠದ ಅರ್ಧವಾದರೆ ಹರಿವೂ ಅರ್ಧ, ಮುಕ್ಕಾಲಾದರೆ ಹರಿವು ಕಾಲು ಎಂದು ಸ್ಥೂಲವಾಗಿ ಎಣಿಸಿಕೊಳ್ಳಬಹುದು.

ನಮ್ಮ ತೊಟ್ಟಿಯ ಎತ್ತರವನ್ನು ಅಳೆಯೋಣ. ಪಂಪು ಇರುವ ಸ್ಥಳದಿಂದಲ್ಲ, ಕೆಳತೊಟ್ಟಿಯ ನೀರಿನ ಮಟ್ಟದಿಂದ ಅಳೆಯತಕ್ಕದ್ದು. ಮುಳುಗಿರುವ ನೀರನ್ನು ಎತ್ತಲು ಪಂಪಿಗೆ ಶ್ರಮವಿಲ್ಲ. ನೆಲದಿಂದ ೮ ಅಂಗುಲ ಮೇಲೆ ಕೆಳತೊಟ್ಟಿಯ ನೀರು. ೪೮ ಅಂಗುಲ ಮೇಲೆ ಮೇಲ್ತೊಟ್ಟಿಯ ಅಂಚು. ನಡುವಣ ಅಂತರ ೪೦ ಅಂಗುಲ, ಎಂದರೆ ೧ ಮೀಟರಿಗಿಂತ ಸ್ವಲ್ಪ ಹೆಚ್ಚು. ೧.೨ ಮೀಟರಿನ ಪಂಪಿಗೆ ಇದು ಪ್ರಾಣಸಂಕಟವಾಗಿದ್ದುದರಲ್ಲಿ ಆಶ್ಚರ್ಯವೇನು? ಇದಲ್ಲದೆ ಕೊಳವೆಯ ಉಜ್ಜಾಟವೂ ಉಂಟು. ಪ್ರತಿಯೊಂದು ಮೂಲೆಯ ತಿರುವೂ, ಪ್ರತಿಯೊಂದು ನಲ್ಲಿಯೂ, ಕೊಳವೆಯ ಕಿರಿದೂ ನೀರಿನ ಬಲವನ್ನು ಕದಿಯುತ್ತವೆ. ಹರಿವು ಜೋರಾದಷ್ಟೂ ಈ ಕಳವು ಹೆಚ್ಚು. ನಮ್ಮಲ್ಲಿ ಬೇಕಾದ ಹರಿವಿಗೆ ಇದನ್ನು ೩೦-೪೦ ಸೆಂಟಿಮೀಟರಿನ ಎತ್ತರಕ್ಕೆ ಸಮವೆಂದು ಹಿಡಿದರೆ ಒಟ್ಟು ಎತ್ತರವು ೧.೪ ಮೀಟರಾಗುತ್ತದೆ. ಆದುದರಿಂದ ಕೇಳತಕ್ಕ ಪ್ರಶ್ನೆಯು "ಈ ಪಂಪು ಎಷ್ಟು ಲೀಟರು ಕೊಡುತ್ತದೆ?" ಎಂಬುದಲ್ಲ, "೧.೪ ಮೀಟರು ಎತ್ತರದಲ್ಲಿ ಎಷ್ಟು ಲೀಟರು ಕೊಡುತ್ತದೆ?" ಎಂಬುದು. ಉದಾಹರಣೆಗೆ, ಗಂಟೆಗೆ ೨,೫೦೦ ಲೀಟರು ಮತ್ತು ಗರಿಷ್ಠ ೨.೫ ಮೀಟರು ಎಂದಿರುವ ಪಂಪು ಆ ಎತ್ತರದಲ್ಲಿ ಸುಮಾರು ೧,೧೦೦ ಲೀಟರು ಕೊಟ್ಟೀತು. ನಮಗೆ ಬೇಕಾದುದು ಅಷ್ಟೇ. ಪಂಪಿನ ಬಾಯಿಗಿಂತ ಕಿರಿದಾದ ಕೊಳವೆಯನ್ನು ಮಾತ್ರ ಎಂದಿಗೂ ಜೋಡಿಸಬಾರದು.

ಈ ವಿವೇಕವು ಆಗ ನನಗೆ ಅರ್ಧವೇ ಬಂದಿತ್ತು. ಸಣ್ಣದರಿಂದ ನೊಂದವನು ದೊಡ್ಡದರಲ್ಲಿ ಸುಖವಿದೆಯೆಂದು ಭ್ರಮಿಸುವುದು ಸಹಜ. ಮರುದಿನವೇ ಹೋಗಿ ಗಂಟೆಗೆ ೪,೦೦೦ ಲೀಟರು, ಗರಿಷ್ಠ ೩ ಮೀಟರು, ೬೫ ವಾಟಿನ ಪಂಪೊಂದನ್ನು ತಂದೆನು. ಈ ಸಾರಿ ಬಕೆಟು ತುಂಬಲು ೨೦ ಸೆಕೆಂಡು ಮಾತ್ರ. ಅಂದರೆ ಗಂಟೆಗೆ ೧,೮೦೦ ಲೀಟರು. ತೂಬು ಗೊಳಗೊಳನೆ ಸದ್ದು ಮಾಡಿತು. ಮೇಲಿನ ಕೊಳವೆಯ ಧಾರೆಯು ನೀರಿಗೆ ಬಿದ್ದು ನಡುಮನೆಯು ಜೋಗದ ಗುಂಡಿಯಂತಾಯಿತು. ಉರುಟು ಮೈಯ, ಉದ್ದ ಬಾಲದ ಹೊನ್ಮೀನುಗಳು ಚೆನ್ನಾಗಿ ಈಜಬಲ್ಲವಲ್ಲ. ಪಾಪ, ಅವು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತುಕೊಂಡುವು. ರಾತ್ರಿ ನಮ್ಮ ಮನೆಯವರಿಗೆ ನಿದ್ರೆಯಿಲ್ಲ. ಆಗ ನಾನೊಂದು ಉಪಾಯವನ್ನು ಮಾಡಿದೆನು. ಕೊಳವೆಯ ತುದಿಯನ್ನು ಉದ್ದಮಾಡಿ ನೀರಿನೊಳಗೆ ನಾಲ್ಕು ಅಂಗುಲ ಇಳಿಸಿ, ಬಾಯನ್ನು ಗಾಜಿನ ಕಡೆಗೆ ತಿರುಗಿಸಿದೆನು. ಸದ್ದಡಗಿತು, ಸೆಳವೂ ತಗ್ಗಿತು, ಮೀನುಗಳು ಮೂಲೆಯಿಂದ ಹೊರಕ್ಕೆ ಬಂದುವು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಮಲಗಿದೆನು.

ಅದು ಏಪ್ರಿಲ್ ತಿಂಗಳು. ನಾಲ್ಕೈದು ದಿನಗಳಾದ ಮೇಲೆ ಒಂದು ರಾತ್ರಿ ಗಾಳಿ ಮಳೆ ಬಂದು ವಿದ್ಯುತ್ತು ಹೋಯಿತು. ಯಾವಾಗಲೋ ಮರಳಿ ಬಂದಿತು. ಬೆಳಗಿನ ಜಾವ ಎದ್ದು ನಡುಮನೆಗೆ ಕಾಲಿಟ್ಟರೆ ನೆಲವೆಲ್ಲ ನೀರು! ಕೆಳತೊಟ್ಟಿಯಿಂದ ಸುಟ್ಟ ವಾಸನೆ. ಪಂಪು ನಿಂತಿತ್ತು. ಮೇಲ್ತೊಟ್ಟಿಯ ನೀರು ನಾಲ್ಕು ಅಂಗುಲ ತಗ್ಗಿ ಮಂಕಾಗಿದ್ದಿತು. ಮೀನುಗಳೆಲ್ಲ ಮೇಲ್ಗಡೆ ಬಂದು ಬಾಯಿ ತೆರೆದು ಗಾಳಿಯನ್ನು ಗುಟುಕರಿಸುತ್ತಿದ್ದುವು. ನಾನು ದಿಕ್ಕುಗೆಟ್ಟು ನಿಂತಿರಲು ನಮ್ಮ ಮನೆಯವರು ಮೊದಲು ಗೋಡೆಯ ಗುಂಡಿಯನ್ನು ಆರಿಸಿ, ಒಂದು ಚೊಂಬನ್ನು ತಂದು, ತೊಟ್ಟಿಯ ನೀರನ್ನೇ ಮೊಗೆಮೊಗೆದು ಎತ್ತರದಿಂದ ಧಾರೆಯಾಗಿ ಸುರಿಯತೊಡಗಿದರು. ಬಿಸಿ ಹಾಲನ್ನು ಆರಿಸುವವರಿಗೆ ಗಾಳಿಯನ್ನು ಬೆರಸುವ ವಿದ್ಯೆಯನ್ನು ಯಾರು ಹೇಳಿಕೊಡಬೇಕು? ಸರದಿಯ ಮೇಲೆ ಇಬ್ಬರೂ ಒಂದು ಗಂಟೆಗೂ ಮಿಕ್ಕು ಸುರಿದೆವು. ನಾಲ್ಕು ಮೀನುಗಳು ಚೇತರಿಸಿಕೊಂಡುವು. ಎಲ್ಲಕ್ಕಿಂತ ದೊಡ್ಡದು, ಮೊಮ್ಮಗಳು ಮೊದಲನೆಯದಾಗಿ ಸಾಕಿದ್ದು, ಮಗ್ಗುಲಾಯಿತು.

ನೀರು ಹರಿದುಹೋದ ದಿಕ್ಕಿನಲ್ಲಿಯೇ ನನ್ನ ಪುಸ್ತಕದ ಕಪಾಟು. ಅದರ ಕೆಳಗಣ ಅರೆಯಲ್ಲಿ ನಮ್ಮ ತಂದೆಯವರು ಓದಿಕೊಂಡಿದ್ದ ಅಮರಕೋಶವಿದ್ದಿತು. ಅದರ ಅಂಚುಗಳಲ್ಲಿ ಅವರು ಮಸಿಯಿಂದ ಬರೆದಿಟ್ಟ ಟಿಪ್ಪಣಿಗಳು ಕದಡಿ ನೀಲಿಯ ಕಲೆಗಳಾಗಿ ಹೋಗಿದ್ದುವು. ಹಾಳೆ ಹಾಳೆಗಳ ನಡುವೆ ಬಟ್ಟೆಯನ್ನಿಟ್ಟು ನೆರಳಿನಲ್ಲಿ ಒಣಗಿಸಿದೆನು. ಅಚ್ಚಿನ ಅಕ್ಷರಗಳು ಉಳಿದುವು, ತಂದೆಯವರ ಅಕ್ಷರಗಳು ಬಹುಮಟ್ಟಿಗೆ ಉಳಿಯಲಿಲ್ಲ.

ಕಾರಣವನ್ನು ವಿಚಾರಿಸಿದರೆ ಯಂತ್ರದ ದೋಷವೇನೂ ಕಾಣಬರಲಿಲ್ಲ. ವಿದ್ಯುತ್ತು ಹೋದಾಗ ಪಂಪು ನಿಂತಿತು. ಆದರೆ ಕೊಳವೆಯಲ್ಲಿ ನೀರು ತುಂಬಿದ್ದುದರಿಂದಲೂ, ಅದರ ತುದಿಯು ಮುಳುಗಿದ್ದುದರಿಂದಲೂ ಮೇಲ್ತೊಟ್ಟಿಯ ನೀರು ಅದೇ ಕೊಳವೆಯಿಂದ ಹಿಮ್ಮುಖವಾಗಿ ಇಳಿಯತೊಡಗಿತು. ಕೊಳವೆಯ ತುದಿಗೆ ಗಾಳಿ ಸಿಕ್ಕುವವರೆಗೆ ಈ ಇಳಿತವು ನಿಲ್ಲದು. ಮೇಲ್ತೊಟ್ಟಿಯ ವಿಸ್ತಾರ ೬ ಚದರ ಅಡಿ. ಒಂದು ಅಂಗುಲದ ನೀರೆಂದರೆ ೧೪ ಲೀಟರು. ನಾಲ್ಕು ಅಂಗುಲಕ್ಕೆ ೫೬ ಲೀಟರು. ಕೆಳತೊಟ್ಟಿಯು ಹಿಡಿಯುವುದು ಒಟ್ಟು ೮೮ ಲೀಟರು. ಅದರಲ್ಲಿ ಆಗಲೇ ೪೮ ಲೀಟರು ನೀರಿದ್ದಿತು. ಖಾಲಿ ಜಾಗ ೪೦. ಉಳಿದ ೧೬ ಲೀಟರು ನೆಲದ ಪಾಲಾಯಿತು. ವಿದ್ಯುತ್ತು ಮರಳಿದ ಮೇಲೆ ಪಂಪು ನೀರನ್ನು ಮೇಲಕ್ಕೇರಿಸಿತು. ಆದರೆ ಚೆಲ್ಲಿಹೋದ ೧೬ ಲೀಟರಿನ ಕೊರತೆಯು ಪೂರ್ತಿಯಾಗಿ ಪಂಪಿನ ಕೋಣೆಯಲ್ಲಿಯೇ ಕಾಣಿಸಿಕೊಂಡಿತು. ನೀರಿನಿಂದಲೇ ತಂಪಾಗತಕ್ಕ ಯಂತ್ರವು ಬರಿಗಾಳಿಯಲ್ಲಿ ತಿರುಗಿ ಸುಟ್ಟುಹೋಯಿತು. ಪಂಪು ನಿಂತ ಮೇಲೆ ನೀರು ಮತ್ತೊಮ್ಮೆ ಕೆಳಕ್ಕಿಳಿಯಿತು. ಮೂಲೆಗುಂಪಾಗಿದ್ದ ಮೀನುಗಳ ಸುಖಕ್ಕಾಗಿ ನಾನು ಮಾಡಿದ ಉಪಾಯವೇ ಅವುಗಳಿಗೆ ಅಪಾಯವಾಯಿತು.

ಇದಕ್ಕೆ ಪರಿಹಾರವು ಮೂರು ಕಾಸಿನದು. ಮರಳುಕೊಳವೆಯಲ್ಲಿ ನೀರಿನ ಮಟ್ಟಕ್ಕೆ ಅರ್ಧ ಅಂಗುಲದಷ್ಟು ಕೆಳಗೆ ಒಂದು ಸಣ್ಣ ರಂಧ್ರವನ್ನು ಕೊರೆಯತಕ್ಕದ್ದು. ನೀರು ಅಲ್ಲಿಗೆ ಇಳಿದೊಡನೆಯೇ ರಂಧ್ರದಿಂದ ಗಾಳಿ ನುಗ್ಗಿ ಸೆಳೆತವು ತುಂಡಾಗುತ್ತದೆ. ಪಾಚಿ ಕಟ್ಟಿ ಮುಚ್ಚಿಹೋಗದಂತೆ ಅದನ್ನು ವಾರಕ್ಕೊಮ್ಮೆ ಕಡ್ಡಿಯಿಂದ ಬಿಡಿಸುತ್ತಿರಬೇಕು. ಅಥವಾ ಕೊಳವೆಯ ಬಾಯನ್ನೇ ಮಟ್ಟಕ್ಕೆ ಸಮೀಪವಾಗಿ ಇಡಬೇಕು. ಹಿಮ್ಮುಖದ ನೀರನ್ನು ತಡೆಯುವ ಕವಾಟಗಳನ್ನೂ ಮಾರುತ್ತಾರೆ. ಒಂದು ಮರಳಿನ ಕಣವೋ ಸುಣ್ಣದ ಹೆಕ್ಕಳವೋ ಸಿಕ್ಕಿಕೊಂಡರೆ ಅವು ಪೂರ್ತಿಯಾಗಿ ಮುಚ್ಚಲಾರವು. ಅವನ್ನೇ ನಂಬಿ ಮಲಗಬಾರದು. ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಹೊಸ ಪಂಪನ್ನು ಹಾಕಿದ ದಿನವೇ, ಹಗಲಿನಲ್ಲಿ, ತಾವೇ ಎದುರಿಗೆ ನಿಂತು ಗುಂಡಿಯನ್ನು ಆರಿಸಿ, ಇಳಿಯತಕ್ಕ ನೀರೆಲ್ಲ ಇಳಿದು ನಿಲ್ಲುವವರೆಗೆ ಕಾಯಿರಿ. ಕೆಳತೊಟ್ಟಿಯು ತುಂಬಿ ಚೆಲ್ಲದಿದ್ದರೆ, ಪಂಪು ನಡೆಯುವಾಗ ಅಲ್ಲಿರುವ ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಒಂದು ಗೆರೆಯನ್ನು ಎಳೆಯಿರಿ. ಆ ಗೆರೆಯನ್ನು ಮೀರಿ ನೀರು ತುಂಬಿಸಕೂಡದು. ಬಳಿಕ ಗುಂಡಿಯನ್ನು ಹಾಕಿ, ಪಂಪು ತಾನಾಗಿಯೇ ಮತ್ತೆ ಹೊರಡುವುದೋ ಇಲ್ಲವೋ ನೋಡಿರಿ.

ಮೂರನೆಯ ಸಾರಿ ನಾನು ಅಂಗಡಿಗೆ ಹೋದಾಗ ಒಂದು ಕಾಗದದಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಹೋಗಿದ್ದೆನು: ಬೇಕಾದ ಹರಿವು, ಒಟ್ಟು ಎತ್ತರ, ತೂಬಿನ ಗಾತ್ರ, ಪಂಪಿನ ಕೋಣೆಯ ಅಳತೆ. ತೂಬು ಇಳಿಸಬಲ್ಲುದಕ್ಕಿಂತ ಹೆಚ್ಚಾಗಿ ಪಂಪು ಏರಿಸಿದರೆ ಮೇಲ್ತೊಟ್ಟಿಯೇ ಉಕ್ಕಿ ಹರಿಯುವುದು. ಆದುದರಿಂದ ತೂಬಿನ ಶಕ್ತಿಯು ಪಂಪಿನ ಶಕ್ತಿಗಿಂತ ಎಷ್ಟೋ ಮೇಲಾಗಿರಬೇಕು. ಅಂಗಡಿಯವನು ಎರಡು ಜಾತಿಯ ಪಂಪುಗಳನ್ನು ತೋರಿಸಿದನು. ಒಂದು ಮನೆಯ ೨೩೦ ವೋಲ್ಟಿನಲ್ಲಿಯೇ ನಡೆಯುವ ಏ.ಸಿ. ಪಂಪು. ಇದರ ರಚನೆ ಸರಳ, ಬೆಲೆ ಕಡಮೆ, ಬಾಳಿಕೆ ಹೆಚ್ಚು; ಆದರೆ ಸಾಮಾನ್ಯವಾಗಿ ಒಂದೇ ವೇಗ. ಹರಿವನ್ನು ತಗ್ಗಿಸಬೇಕಾದರೆ ನೀರು ಹೊರಡುವ ಕೊಳವೆಯಲ್ಲಿ ನಲ್ಲಿಯನ್ನಿಟ್ಟು ತಿರುಗಿಸಬೇಕು. ನೀರು ಒಳಸೇರುವ ಬಾಯನ್ನು ಎಂದಿಗೂ ಬಿಗಿಯಬಾರದು. ಇನ್ನೊಂದು ಡಿ.ಸಿ. ಪಂಪು. ಸಾಮಾನ್ಯವಾಗಿ ೨೪ ವೋಲ್ಟಿನಲ್ಲಿ ನಡೆಯುವ ಇದರ ವೇಗವನ್ನು ಗುಂಡಿಯೊತ್ತಿ ಏರಿಸಿ ಇಳಿಸಬಹುದು. ಸದ್ದು ಕಡಮೆ, ಖರ್ಚೂ ಕಡಮೆ. ಬೆಲೆ ಹೆಚ್ಚು, ಅದರ ನಿಯಂತ್ರಕವು ಕೆಟ್ಟರೆ ಪಂಪೂ ನಿಂತಂತೆಯೇ. ಹೊರದೇಶದಿಂದ ನೆಂಟರು ತಂದುಕೊಡುವ ೧೧೦ ವೋಲ್ಟಿನ ಪಂಪನ್ನು ನಮ್ಮ ಗೋಡೆಗೆ ಸಿಕ್ಕಿಸಿದರೆ ಅದು ಕೂಡಲೇ ಭಸ್ಮವಾಗುವುದೆಂಬುದನ್ನೂ ನೆನಪಿಡಬೇಕು.

ಖರ್ಚಿನ ವಿಷಯವನ್ನು ಗೃಹಸ್ಥರು ಅಲಕ್ಷಿಸಬಾರದು. ಈ ಯಂತ್ರಕ್ಕೆ ಭಾನುವಾರವೂ ಇಲ್ಲ, ಏಕಾದಶಿಯೂ ಇಲ್ಲ. ೬೫ ವಾಟಿನ ಪಂಪು ೩೦ ದಿನದ ತಿಂಗಳಿಗೆ ಸುಮಾರು ೪೭ ಯೂನಿಟ್ಟು ನುಂಗುವುದು. ೨೫ ವಾಟಿನದು ೧೮ ಯೂನಿಟ್ಟು. ಇದಲ್ಲದೆ ಮುಳುಗಿರುವ ಪಂಪು ನುಂಗಿದ ವಿದ್ಯುತ್ತು ಕೊನೆಗೆ ಬಹುಪಾಲು ಶಾಖವಾಗಿ ನೀರಿಗೇ ಸೇರುತ್ತದೆ. ೨೦ ಡಿಗ್ರಿ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲುದು; ೩೦ ಡಿಗ್ರಿಯದು ಏಳೂವರೆಯಷ್ಟನ್ನೇ. ಹೊನ್ಮೀನು ತಂಪುನೀರಿನ ಪ್ರಾಣಿ. ನಮ್ಮ ಬೇಸಗೆಯಲ್ಲಿ ಅದಕ್ಕೆ ಬೇಡದ ಶಾಖವನ್ನು ಹಣಕೊಟ್ಟು ಕೊಳ್ಳುವುದೇಕೆ? ಆದುದರಿಂದ ನಾನು ಗಂಟೆಗೆ ೩,೦೦೦ ಲೀಟರಿನ, ಗರಿಷ್ಠ ೩ ಮೀಟರಿನ, ೨೫ ವಾಟಿನ ಡಿ.ಸಿ. ಪಂಪನ್ನು ಆರಿಸಿ, ವೇಗವನ್ನು ತಗ್ಗಿಸಿ ನಡೆಯಿಸಿದೆನು. ಬಕೆಟು ೩೬ ಸೆಕೆಂಡಿನಲ್ಲಿ ತುಂಬಿತು. ಸರಿಯಾಗಿ ಗಂಟೆಗೆ ೧,೦೦೦ ಲೀಟರು. ಯಂತ್ರವು ತನ್ನ ಪೂರ್ಣಶಕ್ತಿಗಿಂತ ಕೆಳಗೆ ದುಡಿಯುವುದರಿಂದ ಮುಂದೆ ಸವೆದಾಗ ಸ್ವಲ್ಪ ಏರಿಸಿಕೊಳ್ಳಲೂ ಅವಕಾಶವಿದೆ.

ಇನ್ನು ಪ್ರಾಣಭಯದ ಮಾತು. ನೀರೂ ವಿದ್ಯುತ್ತೂ ಒಂದೆಡೆ ಇರುವಲ್ಲಿ ಅಜಾಗರೂಕತೆಗೆ ಕ್ಷಮೆಯಿಲ್ಲ. ತೊಟ್ಟಿಯ ಗುಂಡಿಗೆ ಭೂಸಂಪರ್ಕವಿರುವ ಮೂರು ಕಡ್ಡಿಯ ಸಾಕೆಟ್ಟು ಬೇಕು. ಮನೆಯ ಹಲಗೆಯಲ್ಲಿ ೩೦ ಮಿಲಿ ಆಂಪಿಯರಿನ ಸೋರಿಕೆಗೇ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಎಂಬ ರಕ್ಷಕವಿರಬೇಕು. ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಜೋಲಿ ಬಿದ್ದು ಅನಂತರ ಮೇಲೇರುವಂತೆ ಇಟ್ಟರೆ, ತಂತಿಯುದ್ದಕ್ಕೂ ಹರಿದುಬಂದ ಹನಿಯು ಜೋಲಿಯಲ್ಲಿಯೇ ತೊಟ್ಟಿಕ್ಕುವುದು, ಸಾಕೆಟ್ಟಿನೊಳಗೆ ಸೇರದು. ಗುಂಡಿಯನ್ನು ಆರಿಸದೆ ನೀರಿಗೆ ಕೈಹಾಕಕೂಡದು. ಅಂದು ನಮ್ಮ ಮನೆಯವರು ಚೊಂಬಿಗಿಂತ ಮೊದಲು ಗುಂಡಿಗೆ ಕೈಹಾಕಿದುದನ್ನು ನೆನೆದು ನಾನು ಈಗಲೂ ಸಮಾಧಾನಪಡುತ್ತೇನೆ.

ವಿದ್ಯುತ್ತು ದೀರ್ಘಕಾಲ ಹೋದರೆ ಯಾವ ಪಂಪೂ ಉಪಯೋಗಕ್ಕೆ ಬಾರದು. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಗಾಳಿಪಂಪು ಮನೆಯಲ್ಲಿದ್ದರೆ ಮೀನಿನ ಉಸಿರು ಉಳಿಯುವುದು. ಇನ್ವರ್ಟರ್ ಇರುವವರು ಪಂಪನ್ನು ಅದಕ್ಕೆ ಜೋಡಿಸಿ, ಸದ್ದೂ ಬಿಸಿಯೂ ಹೆಚ್ಚುವುದೋ ಎಂದು ಮೊದಲೇ ಪರೀಕ್ಷಿಸಲಿ. ಪಂಪಿನ ಆರೈಕೆಯೂ ಕಷ್ಟದ್ದಲ್ಲ. ಕೊಳವೆಬಾವಿಯ ಗಡಸುನೀರಿನಿಂದ ಚಕ್ರದ ಮೇಲೆ ಸುಣ್ಣ ಕಟ್ಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ವಿನಿಗರ್ ಬೆರಸಿದ ನೀರಿನಲ್ಲಾಗಲಿ ನಿಂಬೆಯ ಹುಳಿಯಲ್ಲಾಗಲಿ ನೆನೆಯಿಟ್ಟು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಬೇಕು. ಆವಿಯಾಗಿ ಹೋದ ನೀರಿನ ಕೊರತೆಯು ಪಂಪಿನ ಕೋಣೆಯಲ್ಲಿಯೇ ಕಾಣುವುದರಿಂದ ದಿನವೂ ಗೆರೆಯನ್ನು ನೋಡಿ, ಕ್ಲೋರಿನ್ ಹೋಗಲಾಡಿಸಿದ ನೀರನ್ನು ತುಂಬಬೇಕು. ಪಂಪಿನ ಕೆಳಗೆ ಒಂದು ತುಂಡು ಸ್ಪಂಜನ್ನು ಹಾಸಿದರೆ ಗುಂಯ್‌ಗುಟ್ಟುವ ಸದ್ದು ಅಡಗುವುದು.

ಬೇಸಗೆಯ ರಜಕ್ಕೆ ಮೊಮ್ಮಗಳು ಬಂದಳು. ಚಪ್ಪಲಿಯನ್ನು ಬಿಡುವುದಕ್ಕೂ ಮೊದಲು ತೊಟ್ಟಿಯ ಬಳಿಗೆ ಓಡಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಮೀನಿಗೆ ವಯಸ್ಸಾಗಿತ್ತೆಂದು ಹೇಳಿಬಿಡುವುದು ನನಗೆ ಸುಲಭವಾಗಿದ್ದಿತು. ಆದರೆ ಹುಡುಗರಿಗೆ ಸತ್ಯವನ್ನು ಹೇಳಿಕೊಡುವುದೇ ವೃತ್ತಿಯಾಗಿದ್ದವನು ತನ್ನ ಮನೆಯಲ್ಲಿ ಸುಳ್ಳಾಡುವುದು ಹೇಗೆ? ನಡೆದುದೆಲ್ಲವನ್ನೂ ಹೇಳಿದೆನು, ತಪ್ಪು ನನ್ನದೆಂದೂ ಹೇಳಿದೆನು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಸಂಜೆ ಬಂದು, "ಅಜ್ಜ, ಈಗ ಕರೆಂಟು ಹೋದರೆ?" ಎಂದು ಕೇಳಿದಳು. ನಾನು ಗುಂಡಿಯನ್ನು ಆರಿಸಿದೆನು. ಇಬ್ಬರೂ ನೆಲದ ಮೇಲೆ ಕುಳಿತು ನೋಡಿದೆವು. ಕೆಳತೊಟ್ಟಿಯ ನೀರು ಏರಿತು, ಇನ್ನೂ ಏರಿತು. ಮೇಲಿನ ರಂಧ್ರದಲ್ಲಿ ಸೊರ್ರೆಂದು ಗಾಳಿ ಸೇರಿದ ಸದ್ದಾಯಿತು. ಅಂಚಿಗೆ ನಾಲ್ಕು ಬೆರಳು ಇರುವಂತೆಯೇ ನೀರು ನಿಂತುಹೋಯಿತು. ಅವಳು ಸ್ವಲ್ಪ ಹೊತ್ತು ಕಾದು, ಮತ್ತೆ ಏರದುದನ್ನು ಕಂಡು, ತಾನೇ ಗುಂಡಿಯನ್ನು ಹಾಕಿದಳು. ಆ ಮೇಲೆ ತನ್ನ ಕೆಂಪು ಬಣ್ಣದ ಕಡ್ಡಿಯನ್ನು ತಂದು, ಮಾಸಿಹೋಗಿದ್ದ ನನ್ನ ಗೆರೆಯ ಮೇಲ್ಗಡೆಯೇ ಇನ್ನೊಂದು ಗೆರೆಯನ್ನು ದಪ್ಪನಾಗಿ ಎಳೆದಳು.